ಬೆಳ್ಳಿ ಕಪ್ ಕೊಟ್ಟು ನಾಲ್ಕು ವರ್ಷ ಕಾದ ಹೇಜಲ್ ವೈಟ್‌ಮನ್

ಈ ಸಲದ ಇ-ಸಂಚಿಕೆಗೆ ಒಬ್ಬ ಸಾಧಕಿಯ ಬಗ್ಗೆ ಬರೆದುಕೊಡಿ ಎಂದು ಮಹಿಳಾ ವೇದಿಕೆಯಿಂದ ಮೆಸೇಜ್ ಬಂದಾಗ ನನಗೆ ಹೆಸರು ಹುಡುಕುವ ಕಷ್ಟವೇ ಬರಲಿಲ್ಲ. ಆ ಹೆಸರು ಆಗಲೇ ಒಂದು ವರ್ಷದಿಂದ ತಲೆಯಲ್ಲಿ ಕೂತಿತ್ತು. ಕೂರಿಸಿದವಳು ನನ್ನ ಎಂಟು ವರ್ಷದ ಮಗಳು.

2025ರ ಏಪ್ರಿಲ್‌ನಲ್ಲಿ ನಮ್ಮ ಪುಣೆಯ ಬಾಲೆವಾಡಿಯಲ್ಲಿ ಬಿಲ್ಲಿ ಜೀನ್ ಕಿಂಗ್ ಕಪ್ ಟೆನಿಸ್‌ನ ಏಷ್ಯಾ-ಓಷಿಯಾನಿಯಾ ಗುಂಪಿನ ಪಂದ್ಯಗಳು ನಡೆದವು. ಹೆಂಗಸರ ಟೆನಿಸ್‌ನಲ್ಲಿ ದೇಶ ದೇಶಗಳ ನಡುವೆ ನಡೆಯುವ ದೊಡ್ಡ ಪಂದ್ಯಾವಳಿ ಇದು. ಆಫೀಸಿನಿಂದ ಬೇಗ ಹೊರಟು ಒಂದು ಸಂಜೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಎರಡು ಸಿಂಗಲ್ಸ್, ಒಂದು ಡಬಲ್ಸ್, ಅಷ್ಟೇ. ಮೂರರಲ್ಲಿ ಎರಡು ಗೆದ್ದ ದೇಶಕ್ಕೆ ಜಯ. ಮಗಳ ಗಮನವೆಲ್ಲ ಕೋರ್ಟಿನ ಪಕ್ಕದ ಬೆಂಚಿನ ಮೇಲೆ. ದೇಶದ ಜರ್ಸಿ ಹಾಕಿಕೊಂಡು ಬಂದಿರುವ ಆ ಅಕ್ಕಂದಿರೆಲ್ಲ ಯಾಕೆ ಆಡುತ್ತಿಲ್ಲ ಎಂದು ಕೇಳಿದಳು. ಆಯ್ಕೆ ಮಾಡಿಲ್ಲ ಅಂದೆ. ಯಾರು ಮಾಡಬೇಕು ಅಂದಳು. ಕ್ಯಾಪ್ಟನ್ ಅಂದೆ. ಮೂರೇ ಆಟ ಎಂದು ಯಾರು ಹೇಳಿದ್ದು ಅಂದಳು. ಅಲ್ಲಿಗೆ ನನ್ನ ಜ್ಞಾನ ಮುಗಿಯಿತು.

ಮನೆಗೆ ಬಂದು ಹುಡುಕುತ್ತಾ ಹೋದೆ. ಬಿಲ್ಲಿ ಜೀನ್ ಕಿಂಗ್ ಕಪ್ ಎನ್ನುವ ಹೆಸರು ಬಂದಿದ್ದು 2020ರಲ್ಲಿ. ಅದಕ್ಕೆ ಮೊದಲು ಅದು ಫೆಡ್ ಕಪ್, ಇನ್ನೂ ಹಿಂದೆ ಫೆಡರೇಷನ್ ಕಪ್, ಶುರುವಾಗಿದ್ದು 1963ರಲ್ಲಿ. ಅದಕ್ಕೂ ನಲವತ್ತು ವರ್ಷ ಮೊದಲೇ ಇಂಥದ್ದೊಂದು ಬೇಕೆಂದು ಸ್ವಂತ ದುಡ್ಡಿನಲ್ಲಿ ಕಪ್ ತಂದುಕೊಟ್ಟ ಒಬ್ಬ ಹೆಂಗಸು ಸಿಕ್ಕಳು. ಹೇಜಲ್ ಹಾಚ್‌ಕಿಸ್ ವೈಟ್‌ಮನ್. ಅಮೆರಿಕದವಳು, ಐದು ಅಡಿ ಎತ್ತರ, ಐದು ಮಕ್ಕಳ ತಾಯಿ. ಇದು ಅವಳ ಕಥೆ.

ನಾಲ್ಕು ಗಂಡು ಹುಡುಗರ ನಡುವೆ

ಹೇಜಲ್ ಹುಟ್ಟಿದ್ದು 1886ರ ಡಿಸೆಂಬರ್ 20ರಂದು, ಕ್ಯಾಲಿಫೋರ್ನಿಯಾದ ಹೀಲ್ಡ್ಸ್‌ಬರ್ಗ್‌ನಲ್ಲಿ. ನಾಲ್ವರು ಸೋದರರ ನಡುವೆ ಒಬ್ಬಳೇ ಹುಡುಗಿ. ಚಿಕ್ಕಂದಿನಲ್ಲಿ ಆಗಾಗ ಕಾಯಿಲೆ ಬೀಳುತ್ತಿದ್ದಳು. ಬಯಲಿನಲ್ಲಿ ಆಡಲು ಬಿಡಿ, ಗಟ್ಟಿಯಾಗುತ್ತಾಳೆ ಎಂದರು ಡಾಕ್ಟರು. ಅಣ್ಣತಮ್ಮಂದಿರ ಜೊತೆ ಬೇಸ್‌ಬಾಲ್, ಫುಟ್‌ಬಾಲ್ ಎಲ್ಲ ಆಡಿದಳು. ಮೈ ನೆರೆಯುವ ವಯಸ್ಸಿಗೆ ಇವೆಲ್ಲ ಹುಡುಗಿಯರಿಗೆ ಶೋಭಿಸುವ ಆಟಗಳಲ್ಲ ಎನ್ನುವ ಮಾತು ಬಂತು. ಟೆನಿಸ್ ಮಾತ್ರ ಮರ್ಯಾದಸ್ಥ ಆಟವೆಂದು ಉಳಿಯಿತು.

ಅಷ್ಟರಲ್ಲಿ ಕುಟುಂಬ ಬರ್ಕ್‌ಲಿ ಊರಿಗೆ ಬಂದಿತ್ತು. 1902ರಲ್ಲಿ ಮೊದಲ ಬಾರಿ ಅವಳು ದೊಡ್ಡ ಪಂದ್ಯಗಳನ್ನು ನೋಡಿದಳು. ಹೆಂಗಸರು ಹಿಂದಿನ ಗೆರೆಯಲ್ಲಿ ನಿಂತು ಚೆಂಡನ್ನು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಹೊಡೆಯುತ್ತಲೇ ಇದ್ದರು. ಅದು ಅವಳಿಗೆ ಬೇಸರ ತರಿಸಿತು. ಆಮೇಲೆ ಗಂಡಸರ ಡಬಲ್ಸ್. ನೆಟ್ ಹತ್ತಿರ ನುಗ್ಗಿ ಚೆಂಡು ನೆಲಕ್ಕೆ ಬೀಳುವ ಮೊದಲೇ ಹೊಡೆಯುವ ವಾಲಿ ಆಟ. ತಾನು ಆಡಿದರೆ ಹೀಗೆ ಆಡಬೇಕು ಎಂದು ಅವತ್ತೇ ತೀರ್ಮಾನಿಸಿದಳು.

ಆಡಲು ಜಾಗ ಎಲ್ಲಿ? ಹತ್ತಿರದ ವಿಶ್ವವಿದ್ಯಾಲಯದಲ್ಲಿ ಒಂದು ಡಾಂಬರಿನ ಕೋರ್ಟ್ ಇತ್ತು. ಬೆಳಿಗ್ಗೆ ಎಂಟರ ನಂತರ ಹುಡುಗಿಯರು ಅಲ್ಲಿ ಇರುವ ಹಾಗಿಲ್ಲ. ಅದಕ್ಕೆ ಹೇಜಲ್ ಆರು ಗಂಟೆಗೇ ಸೋದರರನ್ನು ಎಬ್ಬಿಸಿಕೊಂಡು ಹೋಗುತ್ತಿದ್ದಳು. ಮನೆಯ ಹಿತ್ತಲಲ್ಲಿ ಜಲ್ಲಿ ನೆಲ, ನೆಟ್ ಬದಲು ಒಂದು ಹಗ್ಗ. ಜಲ್ಲಿಯ ಮೇಲೆ ಬಿದ್ದ ಚೆಂಡು ಎತ್ತ ಹಾರುತ್ತದೆ ಎಂದು ಹೇಳುವಂತಿಲ್ಲ. ಹಾಗಾಗಿ ಬೀಳಲು ಬಿಡದೆ ಹೊಡೆಯಲೇಬೇಕು. ಕೋರ್ಟ್ ಇಲ್ಲದ ಕೊರತೆಯೇ ಅವಳ ವಾಲಿಯನ್ನು ಬೆಳೆಸಿತು. ನಾವು ಚಿಕ್ಕವರಿದ್ದಾಗ ಓಣಿಯಲ್ಲಿ ಆಡಿದ ಆಟಗಳಿಗೆ ಓಣಿಯೇ ರೂಲ್ಸ್ ಮಾಡಿಕೊಡುತ್ತಿತ್ತಲ್ಲ, ಹಾಗೆ.

ಒಂದೇ ದಿನ ಮೂರು ಫೈನಲ್

1909ರಲ್ಲಿ ಹೇಜಲ್ ದೇಶದ ಆ ತುದಿಯಿಂದ ಈ ತುದಿಗೆ, ಫಿಲಡೆಲ್ಫಿಯಾಕ್ಕೆ ಹೋಗಿ ಅಮೆರಿಕದ ರಾಷ್ಟ್ರೀಯ ಚಾಂಪಿಯನ್‌ಷಿಪ್ ಆಡಿದಳು. ಸಿಂಗಲ್ಸ್, ಡಬಲ್ಸ್, ಮಿಕ್ಸೆಡ್ ಡಬಲ್ಸ್ ಮೂರನ್ನೂ ಗೆದ್ದಳು. 1910ರಲ್ಲಿ ಮತ್ತೆ ಮೂರೂ. 1911ರಲ್ಲಿ ಇನ್ನೊಮ್ಮೆ ಮೂರೂ, ಅದೂ ಮೂರು ಫೈನಲ್‌ಗಳನ್ನು ಒಂದೇ ದಿನ ಆಡಿ. ಅದೇ ವರ್ಷ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಿಂದ ಪದವಿಯನ್ನೂ ಪಡೆದಳು.

ಅವಳ ದೊಡ್ಡ ಎದುರಾಳಿ ಮೇ ಸಟನ್. 1905 ಮತ್ತು 1907ರಲ್ಲಿ ವಿಂಬಲ್ಡನ್ ಗೆದ್ದವಳು, ಹಿಂದಿನ ಗೆರೆಯಿಂದ ಬಲವಾಗಿ ಹೊಡೆಯುವವಳು. 1911ರಲ್ಲಿ ಕೆನಡಾದ ನಯಾಗರಾ-ಆನ್-ದಿ-ಲೇಕ್‌ನಲ್ಲಿ ಇಬ್ಬರೂ ಎದುರಾದರು. ಹೇಜಲ್ ಮೊದಲ ಸೆಟ್ಟನ್ನು 0-6ರಲ್ಲಿ ಸೋತಳು. ಎರಡನೆಯದರಲ್ಲಿ 1-5. ಇನ್ನು ಒಂದೇ ಗೇಮ್ ಹೋದರೆ ಮುಗಿಯಿತು. ಅಲ್ಲಿಂದ ಸಾಲಾಗಿ ಹನ್ನೆರಡು ಗೇಮ್ ಗೆದ್ದಳು. 0-6, 7-5, 6-0. ಈ ಅಂಕಿಗಳನ್ನು ನಾನು ಎರಡು ಸಲ ಕೂಡಿ ನೋಡಿದ್ದೇನೆ. ಸರಿಯಾಗಿವೆ.

1912ರ ಫೆಬ್ರವರಿಯಲ್ಲಿ ಬಾಸ್ಟನ್ನಿನ ಜಾರ್ಜ್ ವೈಟ್‌ಮನ್ ಜೊತೆ ಮದುವೆ. ತವರು ಒಂದು ಸಮುದ್ರತೀರ, ಗಂಡನ ಮನೆ ಇನ್ನೊಂದು ಸಮುದ್ರತೀರ. ನಮ್ಮಂತೆ ಊರು ಬಿಟ್ಟು ಬಂದು ಹೊಸ ಊರಿನಲ್ಲಿ ಸಂಸಾರ ಹೂಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಕ್ಕಳಾದವು. ಆಗಿನ ಕಾಲಕ್ಕೆ ಅಲ್ಲಿಗೆ ಆಟ ಮುಗಿಯಬೇಕಿತ್ತು. 1915ರಲ್ಲಿ ಅವಳು ವಾಪಸ್ ಬಂದಳು. ಸಿಂಗಲ್ಸ್ ಫೈನಲ್‌ನಲ್ಲಿ ನಾರ್ವೆಯಿಂದ ಬಂದಿದ್ದ ಮೊಲ್ಲಾ ಬ್ಯೂರ್‌ಸ್ಟೆಡ್‌ಗೆ ಸೋತಳು, ಡಬಲ್ಸ್ ಮತ್ತು ಮಿಕ್ಸೆಡ್ ಎರಡನ್ನೂ ಗೆದ್ದಳು. 1919ರಲ್ಲಿ, 32ನೇ ವಯಸ್ಸಿನಲ್ಲಿ, ಸಿಂಗಲ್ಸ್ ಪ್ರಶಸ್ತಿ ನಾಲ್ಕನೇ ಬಾರಿ ಅವಳದಾಯಿತು.

ಕಪ್ ಇತ್ತು, ಪಂದ್ಯ ಇರಲಿಲ್ಲ

ಗಂಡಸರಿಗೆ ಡೇವಿಸ್ ಕಪ್ ಇತ್ತು. 1900ರಲ್ಲಿ ಡ್ವೈಟ್ ಡೇವಿಸ್ ಎಂಬ ಅಮೆರಿಕದ ಆಟಗಾರ ಕೊಟ್ಟ ಕಪ್ ಅದು. ಮೊದಲು ಅಮೆರಿಕ ಮತ್ತು ಬ್ರಿಟನ್ ನಡುವೆ ಶುರುವಾಗಿ ಆಮೇಲೆ ಬೇರೆ ದೇಶಗಳಿಗೂ ಹರಡಿತು. ಹೆಂಗಸರಿಗೆ ಅಂಥದ್ದು ಏನೂ ಇರಲಿಲ್ಲ. ಹೆಂಗಸರು ತಮ್ಮ ತಮ್ಮ ಹೆಸರಿಗೆ ಆಡುತ್ತಿದ್ದರೇ ಹೊರತು ದೇಶದ ತಂಡವಾಗಿ ಆಡುವ ಅವಕಾಶವೇ ಇರಲಿಲ್ಲ.

1919ರಲ್ಲಿ ಹೇಜಲ್ ಬಾಸ್ಟನ್ನಿನ ಒಂದು ಆಭರಣದ ಅಂಗಡಿಯಿಂದ ಬೆಳ್ಳಿಯ ಹೂದಾನಿಯಂಥ ಕಪ್ ಕೊಂಡು, ಹೆಂಗಸರ ಅಂತರರಾಷ್ಟ್ರೀಯ ತಂಡ ಪಂದ್ಯಕ್ಕೆಂದು ಅಮೆರಿಕದ ಟೆನಿಸ್ ಸಂಸ್ಥೆಗೆ ಕೊಡಲು ಮುಂದಾದಳು. ಅವಳ ಮನಸ್ಸಿನಲ್ಲಿದ್ದದ್ದು ಎರಡು ದೇಶವಲ್ಲ, ಅನೇಕ ದೇಶಗಳು. ಫ್ರಾನ್ಸಿನ ಸೂಜನ್ ಲೆಂಗ್ಲೆನ್ ಆಗ ಜಗತ್ತಿನ ಅತಿ ದೊಡ್ಡ ಆಟಗಾರ್ತಿ. ಅಂಥವರೆಲ್ಲ ತಂತಮ್ಮ ದೇಶದ ತಂಡದೊಂದಿಗೆ ಬರಬೇಕು ಎಂದು ಆಸೆ. ಟೆನಿಸ್ ನಡೆಸುವವರಿಗೆ ಖರ್ಚಿನ ಚಿಂತೆ. ಹೆಂಗಸರ ತಂಡಗಳನ್ನು ಹಡಗಿನಲ್ಲಿ ಸಾಗರ ದಾಟಿಸಲು ಯಾರೂ ಮುಂದೆ ಬರಲಿಲ್ಲ. ಕಪ್ ಸುಮ್ಮನೆ ಇತ್ತು. ಒಂದಲ್ಲ ಎರಡಲ್ಲ, ನಾಲ್ಕು ವರ್ಷ.

1923ರಲ್ಲಿ ನ್ಯೂಯಾರ್ಕಿನ ಫಾರೆಸ್ಟ್ ಹಿಲ್ಸ್‌ನಲ್ಲಿ ಹೊಸ ಕಾಂಕ್ರೀಟ್ ಸ್ಟೇಡಿಯಂ ಎದ್ದಿತು. ಅದರ ಉದ್ಘಾಟನೆಗೆ ಏನಾದರೂ ವಿಶೇಷ ಬೇಕಿತ್ತು. ಅಮೆರಿಕ ಟೆನಿಸ್‌ನ ಪ್ರಭಾವಿ ವ್ಯಕ್ತಿ ಜೂಲಿಯನ್ ಮೈರಿಕ್‌ಗೆ ಹೇಜಲ್‌ಳ ಕಪ್ ನೆನಪಾಯಿತು. ಬ್ರಿಟನ್ನಿನ ಹೆಂಗಸರನ್ನು ಕರೆಸೋಣ ಎಂದಾಯಿತು. ಹೀಗೆ ಒಂದು ಕಟ್ಟಡದ ಗೃಹಪ್ರವೇಶದ ನೆಪದಲ್ಲಿ ಹೆಂಗಸರ ತಂಡ ಟೆನಿಸ್ ಹುಟ್ಟಿತು. ಕಪ್‌ಗೆ ಹೇಜಲ್ ತನ್ನ ಹೆಸರು ಇಟ್ಟುಕೊಂಡಿರಲಿಲ್ಲ, ಎರಡು ದೇಶಗಳ ಹೆಸರಿನ ಉದ್ದನೆಯ ಶೀರ್ಷಿಕೆ ಅದಕ್ಕಿತ್ತು. ಜನ ಮಾತ್ರ ವೈಟ್‌ಮನ್ ಕಪ್ ಎಂದೇ ಕರೆದರು.

ಮೊದಲ ಅಮೆರಿಕ ತಂಡದಲ್ಲಿ ನಾಲ್ವರು. ಮದುವೆಯ ನಂತರ ಮೊಲ್ಲಾ ಮ್ಯಾಲರಿ ಆಗಿದ್ದ ಹಳೆಯ ಎದುರಾಳಿ, 17 ವರ್ಷದ ಹೆಲೆನ್ ವಿಲ್ಸ್, ಎಲಿನೋರ್ ಗಾಸ್, ಮತ್ತು ಆಡುವ ಕ್ಯಾಪ್ಟನ್ ಆಗಿ 36 ವರ್ಷದ ಹೇಜಲ್. ಕ್ಯಾಪ್ಟನ್ ತನ್ನನ್ನೇ ಆಡಿಸಿಕೊಂಡರೆ ಜನ ಏನೆನ್ನುತ್ತಾರೆ ಎಂದು ಅವಳು ಅಂಜಲಿಲ್ಲ. ಆದರೆ ಸಿಂಗಲ್ಸ್‌ಗೆ ಕೈ ಹಾಕಲಿಲ್ಲ. ಡಬಲ್ಸ್ ಮಾತ್ರ ಆಡಿದಳು, ಎಲಿನೋರ್ ಜೊತೆ. 10-8, 5-7, 6-4ರಲ್ಲಿ ಗೆದ್ದಳು. ಆ ವರ್ಷ ಏಳಕ್ಕೆ ಏಳೂ ಅಮೆರಿಕಕ್ಕೆ.

ಮರುವರ್ಷ ವಿಂಬಲ್ಡನ್‌ನಲ್ಲಿ ಬ್ರಿಟನ್ 6-1ರಲ್ಲಿ ಸೇಡು ತೀರಿಸಿಕೊಂಡಿತು. ಅಮೆರಿಕ ಗೆದ್ದ ಆ ಒಂದು, ಹೇಜಲ್ ಮತ್ತು ಹೆಲೆನ್ ವಿಲ್ಸ್ ಜೋಡಿಯ ಡಬಲ್ಸ್. ಹೆಲೆನ್ ಕೂಡ ಬರ್ಕ್‌ಲಿಯ ಹುಡುಗಿಯೇ. ಹೇಜಲ್ ತವರಿಗೆ ಹೋದಾಗ ಆ ಹುಡುಗಿಯನ್ನು ಕೋರ್ಟಿಗೆ ಕರೆದೊಯ್ದು ವಾಲಿ ಕಲಿಸಿದ್ದಳು. 1924ರಲ್ಲಿ ಈ ಗುರುಶಿಷ್ಯೆ ಜೋಡಿ ವಿಂಬಲ್ಡನ್ ಡಬಲ್ಸ್ ಗೆದ್ದಿತು, ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಚಿನ್ನವನ್ನೂ ಗೆದ್ದಿತು. ಮಿಕ್ಸೆಡ್ ಡಬಲ್ಸ್‌ನಲ್ಲಿ ಹೇಜಲ್ ಜೊತೆಗಾರ ನಾರಿಸ್ ವಿಲಿಯಮ್ಸ್, ಟೈಟಾನಿಕ್ ದುರಂತದಲ್ಲಿ ಬದುಕುಳಿದವನು. ಅವನ ಕಾಲು ಉಳುಕಿತ್ತು. ಅವನನ್ನು ನೆಟ್ ಹತ್ತಿರ ನಿಲ್ಲಿಸಿ, ಉಳಿದ ಕೋರ್ಟನ್ನು 37 ವರ್ಷದ ಹೇಜಲ್ ಓಡಿ ನೋಡಿಕೊಂಡಳು. ಅದೂ ಚಿನ್ನವೇ. ಅದರ ನಂತರ ಒಲಿಂಪಿಕ್ಸ್‌ನ ಪದಕದ ಆಟಗಳಿಂದ ಟೆನಿಸ್ ಹೊರಹೋಯಿತು, ಮರಳಿ ಬಂದಿದ್ದು 1988ರಲ್ಲಿ.

ಏಳು ಆಟದ ಲೆಕ್ಕ

ಈಗ ನನ್ನ ಮಗಳ ಪ್ರಶ್ನೆಗೆ ಬರುತ್ತೇನೆ. ಎಷ್ಟು ಆಟ ಎನ್ನುವುದು ಯಾಕೆ ಮುಖ್ಯ? ಎಂ.ಟೆಕ್ ಓದಿದ್ದಕ್ಕೆ ಇಷ್ಟಾದರೂ ಉಪಯೋಗವಾಗಲಿ ಎಂದು ಕಾಗದ ಪೆನ್ನು ಹಿಡಿದು ಕೂತೆ.

ವೈಟ್‌ಮನ್ ಕಪ್‌ನಲ್ಲಿ ಐದು ಸಿಂಗಲ್ಸ್, ಎರಡು ಡಬಲ್ಸ್, ಒಟ್ಟು ಏಳು. ಎರಡೂ ಕಡೆಯ ಮೊದಲ ಇಬ್ಬರು ಆಟಗಾರ್ತಿಯರು ಪರಸ್ಪರ ಆಡಿದರೆ ನಾಲ್ಕು ಸಿಂಗಲ್ಸ್. ಮೂರನೆಯವಳು ಎದುರಿನ ಮೂರನೆಯವಳೊಂದಿಗೆ ಒಂದು. ಜೊತೆಗೆ ಬೇರೆ ಬೇರೆ ಜೋಡಿಗಳ ಎರಡು ಡಬಲ್ಸ್. ಗೆಲ್ಲಲು ನಾಲ್ಕು ಬೇಕು. ತಂಡದಲ್ಲಿ ಒಬ್ಬಳೇ ಮಹಾನ್ ಆಟಗಾರ್ತಿ ಇದ್ದಾಳೆ ಅಂದುಕೊಳ್ಳಿ. ಅವಳು ಎರಡು ಸಿಂಗಲ್ಸ್, ಒಂದು ಡಬಲ್ಸ್ ಗೆಲ್ಲಬಹುದು. ಅಲ್ಲಿಗೆ ಮೂರು. ನಾಲ್ಕನೆಯದನ್ನು ಬೇರೆ ಯಾರಾದರೂ ಗೆಲ್ಲಲೇಬೇಕು. ಮೂರನೇ ನಂಬರಿನವಳನ್ನೋ ಎರಡನೇ ಜೋಡಿಯನ್ನೋ ಲೆಕ್ಕಕ್ಕೆ ಇಡದೆ ಈ ಕಪ್ ಗೆಲ್ಲುವುದು ಕಷ್ಟ.

ಬಾಲೆವಾಡಿಯಲ್ಲಿ ನಾನು ನೋಡಿದ ಕ್ರಮದಲ್ಲಿ ಮೂರೇ ಆಟ. ಗೆಲ್ಲಲು ಎರಡು ಸಾಕು. ಒಬ್ಬಳೇ ಒಂದು ಸಿಂಗಲ್ಸ್, ಒಂದು ಡಬಲ್ಸ್ ಗೆದ್ದರೆ ದೇಶವೇ ಗೆದ್ದಂತೆ. ಇಬ್ಬರು ಆಟಗಾರ್ತಿಯರಿದ್ದರೆ ತಂಡ ತಯಾರು. ಗಂಡಸರ ಡೇವಿಸ್ ಕಪ್‌ನ ಹಳೆಯ ಕ್ರಮ ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಅಲ್ಲೂ ಒಬ್ಬನೇ ಮೂರು ಗೆದ್ದು ದೇಶವನ್ನು ಗೆಲ್ಲಿಸಬಹುದು. ಏಳರ ಲೆಕ್ಕದಲ್ಲಿ ಮಾತ್ರ ಒಬ್ಬರಿಂದ ಆಗುವುದಿಲ್ಲ. ಹೇಜಲ್ ಡಬಲ್ಸ್ ಪ್ರೇಮಿ, ಜೊತೆಗಾರ್ತಿಯಿಲ್ಲದೆ ಆಟವಿಲ್ಲ ಎಂದು ಬಲ್ಲವಳು. ಅವಳ ಕಪ್‌ಗೆ ಈ ಲೆಕ್ಕ ಚೆನ್ನಾಗಿಯೇ ಒಪ್ಪುತ್ತಿತ್ತು.

ಆದರೆ ಇದೇ ಲೆಕ್ಕಕ್ಕೆ ಇನ್ನೊಂದು ಮುಖವಿದೆ. ಆಳವಾದ ತಂಡ ಬೇಕು ಎಂದರೆ ಆಟಗಾರ್ತಿಯರು ಹೆಚ್ಚಿರುವ ದೇಶಕ್ಕೇ ಲಾಭ. 1931ರಿಂದ 1957ರವರೆಗೆ, ಯುದ್ಧದ ಆರು ವರ್ಷ ಬಿಟ್ಟು, ಸತತ 21 ಬಾರಿ ಅಮೆರಿಕವೇ ಗೆದ್ದಿತು. ಅದನ್ನು ಮುಂದೆ ಹೇಳುತ್ತೇನೆ.

ಆಯ್ಕೆ ಯಾರ ಕೈಯಲ್ಲಿ?

ಹೇಜಲ್ ಐದು ಬಾರಿ ವೈಟ್‌ಮನ್ ಕಪ್ ಆಡಿದಳು, ಕೊನೆಯ ಬಾರಿ 1931ರಲ್ಲಿ, 44ನೇ ವಯಸ್ಸಿನಲ್ಲಿ. 1948ರವರೆಗೆ ಒಟ್ಟು 13 ಬಾರಿ ಕ್ಯಾಪ್ಟನ್ ಆದಳು. ಆದರೆ ಕಪ್ ಅವಳದಾದರೂ ತಂಡದ ಆಯ್ಕೆ ಅವಳೊಬ್ಬಳ ಕೈಯಲ್ಲಿರಲಿಲ್ಲ. ಅದಕ್ಕೊಂದು ಸಮಿತಿ ಇತ್ತು. 1923ರಲ್ಲಿ ಕಪ್ ಹೊರತೆಗೆಸಿದ ಅದೇ ಜೂಲಿಯನ್ ಮೈರಿಕ್ 1933ರಲ್ಲಿ ಅದರ ಮುಖ್ಯಸ್ಥ.

ಆ ವರ್ಷ 19 ವರ್ಷದ ಆಲಿಸ್ ಮಾರ್ಬಲ್‌ಗೆ ತಂಡದಲ್ಲಿ ಜಾಗ ಬೇಕಾದರೆ ಈಸ್ಟ್ ಹ್ಯಾಂಪ್ಟನ್‌ನ ಪಂದ್ಯಾವಳಿಯಲ್ಲಿ ಸಿಂಗಲ್ಸ್, ಡಬಲ್ಸ್ ಎರಡನ್ನೂ ಆಡಬೇಕು ಎಂದು ಮೈರಿಕ್ ಪಟ್ಟು ಹಿಡಿದ. ಮಳೆ ಮುಂತಾದ ಕಾರಣಕ್ಕೆ ಆಟಗಳು ಒತ್ತರಿಸಿಕೊಂಡು ಬಂದವೋ ಏನೋ ಎಂದು ಓದುವಾಗ ನಮಗೆ ಅನ್ನಿಸಬಹುದು. ಕಾರಣ ಏನೇ ಇರಲಿ, ಸುಡುಬಿಸಿಲಿನಲ್ಲಿ ಒಂದೇ ದಿನ ಎರಡು ಸೆಮಿಫೈನಲ್, ಎರಡು ಫೈನಲ್, ಒಟ್ಟು 108 ಗೇಮ್ ಆಡಿ ಆ ಹುಡುಗಿ ಕುಸಿದು ಬಿದ್ದಳು. ಬಿಸಿಲಿನ ಹೊಡೆತ. ಮರುವರ್ಷ ಪ್ಯಾರಿಸ್‌ನಲ್ಲಿ ಆಡುತ್ತಾ ಮತ್ತೆ ಕುಸಿದಳು. ಕ್ಷಯ ಎಂದರು ಡಾಕ್ಟರು, ಇನ್ನು ಆಡಲಾರಳು ಎಂದೂ ಹೇಳಿದರು. ಅವಳು ಎದ್ದು ಬಂದು 1936ರಲ್ಲಿ ಅಮೆರಿಕದ ಚಾಂಪಿಯನ್, 1939ರಲ್ಲಿ ವಿಂಬಲ್ಡನ್ ಚಾಂಪಿಯನ್ ಆದಳು. ಅದು ಅವಳ ಗಟ್ಟಿತನ. ಆಯ್ಕೆ ಸಮಿತಿಯ ಹೆಗ್ಗಳಿಕೆಯಲ್ಲ.

ಆಯ್ಕೆಯ ಬಾಗಿಲು ಇನ್ನೂ ಕೆಲವರಿಗೆ ಪೂರ್ತಿ ಮುಚ್ಚಿತ್ತು. ವೈಟ್‌ಮನ್ ಕಪ್ ಶುರುವಾಗಿ 34 ವರ್ಷಗಳ ನಂತರ, 1957ರಲ್ಲಿ, ಮೊದಲ ಬಾರಿಗೆ ಒಬ್ಬ ಕಪ್ಪು ವರ್ಣದ ಆಟಗಾರ್ತಿ ಅಮೆರಿಕದ ತಂಡಕ್ಕೆ ಬಂದಳು. ಅವಳು ಆಲ್ಥಿಯಾ ಗಿಬ್ಸನ್, ಅದೇ ವರ್ಷ ವಿಂಬಲ್ಡನ್ ಗೆದ್ದವಳು. ಮರುವರ್ಷ ಅವಳಿದ್ದ ತಂಡವನ್ನೇ ಬ್ರಿಟನ್ 4-3ರಲ್ಲಿ ಸೋಲಿಸಿತು. ಆಲ್ಥಿಯಾಳನ್ನು ಸೋಲಿಸಿದವಳು 17 ವರ್ಷದ ಕ್ರಿಸ್ಟೀನ್ ಟ್ರೂಮನ್. ಒಬ್ಬ ಚಾಂಪಿಯನ್ ಇದ್ದರೂ ಏಳರ ಲೆಕ್ಕದಲ್ಲಿ ಸೋಲಬಹುದು ಎನ್ನುವುದಕ್ಕೆ ಇದಕ್ಕಿಂತ ಉದಾಹರಣೆ ಬೇಡ.

ಮನೆ ತುಂಬಾ ಹುಡುಗಿಯರು

1940ರಲ್ಲಿ ಹೇಜಲ್ ಮತ್ತು ಜಾರ್ಜ್ ವಿಚ್ಛೇದನ ಪಡೆದರು. ಅವಳಿಗೆ ಆಗ ಐವತ್ತು ದಾಟಿತ್ತು. ಬಾಸ್ಟನ್ ಹತ್ತಿರದ ಚೆಸ್ಟ್‌ನಟ್ ಹಿಲ್‌ನಲ್ಲಿ, ಲಾಂಗ್‌ವುಡ್ ಕ್ರಿಕೆಟ್ ಕ್ಲಬ್ ಪಕ್ಕದ ಮನೆಯಲ್ಲಿ ನೆಲೆಸಿದಳು. ಹೆಸರಿಗೆ ಕ್ರಿಕೆಟ್ ಕ್ಲಬ್, ಆಡುವುದು ಟೆನಿಸ್. ಪಂದ್ಯಾವಳಿ ಬಂದರೆ ಅವಳ ಮನೆ ಹಾಸ್ಟೆಲ್ ಆಗುತ್ತಿತ್ತು. ಹೋಟೆಲಿಗೆ ದುಡ್ಡಿಲ್ಲದ ಹುಡುಗಿಯರು ಬಂದು ಉಳಿಯುತ್ತಿದ್ದರು. ಎಷ್ಟು ಜನ ಬಂದರೂ ನೆಲದ ಮೇಲಾದರೂ ಹಾಸಿಗೆ, ಊಟ, ಜೊತೆಗೆ ಆಟದ ಬಗ್ಗೆ ಬುದ್ಧಿಮಾತು. ಕ್ಲಬ್ಬಿನಲ್ಲಿ ಮಕ್ಕಳಿಗೆ ಉಚಿತವಾಗಿ ಕಲಿಸುತ್ತಿದ್ದಳು. ಹೆಲೆನ್ ವಿಲ್ಸ್, ಹೆಲೆನ್ ಜೇಕಬ್ಸ್, ಸಾರಾ ಪಾಲ್‌ಫ್ರಿ, ಇಂಥ ಚಾಂಪಿಯನ್‌ಗಳೆಲ್ಲ ಅವಳ ಕೈಯಲ್ಲಿ ಪಳಗಿದವರು. ಜೊತೆಗೆ ಯಾವತ್ತೂ ಚಾಂಪಿಯನ್ ಆಗದ ಎಷ್ಟೋ ಮಕ್ಕಳಿಗೂ ಅದೇ ಶ್ರದ್ಧೆಯಿಂದ ಕಲಿಸಿದಳು. 1933ರಲ್ಲೇ ಟೆನಿಸ್ ಕಲಿಕೆಯ ಬಗ್ಗೆ ಒಂದು ಪುಸ್ತಕವನ್ನೂ ಬರೆದಿದ್ದಳು.

ತಾನು ಆಡುವುದನ್ನೂ ಬಿಡಲಿಲ್ಲ. 1930ರಲ್ಲಿ ಸ್ಕ್ವಾಷ್‌ನಲ್ಲೂ ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದಳು. ಟೆನಿಸ್‌ನಲ್ಲಿ ಹೊರಾಂಗಣ, ಒಳಾಂಗಣ, ಹಿರಿಯರ ವಿಭಾಗ ಎಲ್ಲ ಸೇರಿ ಅಮೆರಿಕದ 45 ರಾಷ್ಟ್ರೀಯ ಪ್ರಶಸ್ತಿಗಳು ಅವಳ ಹೆಸರಿನಲ್ಲಿವೆ. ಕೊನೆಯದನ್ನು ಗೆದ್ದದ್ದು 1954ರಲ್ಲಿ, ಮೊದಲನೆಯದಕ್ಕೆ 45 ವರ್ಷಗಳ ನಂತರ.

ಕನಸು ನನಸಾದದ್ದು, ಕಪ್ ನಿಂತದ್ದು

ಅನೇಕ ದೇಶಗಳ ಹೆಂಗಸರ ಪಂದ್ಯಾವಳಿ ಎಂಬ 1919ರ ಆಸೆ ಹಾಗೇ ಉಳಿದಿತ್ತು. ಅದನ್ನು ಮುಂದೆ ಎಳೆದವರು ಇನ್ನಿಬ್ಬರು ಹೆಂಗಸರು. ಬ್ರಿಟನ್ನಿನ ಮಾಜಿ ಆಟಗಾರ್ತಿ ಮೇರಿ ಹಾರ್ಡ್‌ವಿಕ್ ಹೇರ್ ಇದಕ್ಕೆ ಎಷ್ಟು ಬೆಂಬಲವಿದೆ ಎಂದು ತೋರಿಸುವ ಕಡತವನ್ನೇ ಸಿದ್ಧಪಡಿಸಿದರು. ಆಸ್ಟ್ರೇಲಿಯಾದ ನೆಲ್ ಹಾಪ್‌ಮನ್ 1962ರಲ್ಲಿ ಅಂತರರಾಷ್ಟ್ರೀಯ ಟೆನಿಸ್ ಸಂಸ್ಥೆಯನ್ನು ಒಪ್ಪಿಸಿದರು. 1963ರಲ್ಲಿ ಸಂಸ್ಥೆಗೆ ಐವತ್ತು ತುಂಬಿದಾಗ ಲಂಡನ್ನಿನ ಕ್ವೀನ್ಸ್ ಕ್ಲಬ್‌ನಲ್ಲಿ 16 ದೇಶಗಳೊಂದಿಗೆ ಫೆಡರೇಷನ್ ಕಪ್ ಶುರುವಾಯಿತು. ಅಮೆರಿಕ ಫೈನಲ್‌ನಲ್ಲಿ ಆಸ್ಟ್ರೇಲಿಯಾವನ್ನು 2-1ರಲ್ಲಿ ಸೋಲಿಸಿತು. ಗೆದ್ದ ತಂಡದ ಚಿಕ್ಕ ಹುಡುಗಿ ಬಿಲ್ಲಿ ಜೀನ್ ಮಾಫಿಟ್, ಮುಂದೆ ಬಿಲ್ಲಿ ಜೀನ್ ಕಿಂಗ್. ಹೇಜಲ್‌ಗೆ ಆಗ 76. ಅವಳು ಕಪ್ ಕೊಟ್ಟು 44 ವರ್ಷವಾಗಿತ್ತು.

ಇಲ್ಲಿ ಏಳರ ಲೆಕ್ಕ ಬಿಟ್ಟು ಮೂರರ ಲೆಕ್ಕ ಬಂತು. ಎಲ್ಲ ದೇಶಗಳೂ ಒಂದೇ ಊರಿಗೆ ಬಂದು ಒಂದೇ ವಾರದಲ್ಲಿ ಆಡಿ ಮುಗಿಸಬೇಕಿತ್ತು. ಏಳೇಳು ಆಟ ಆಡಿಸುತ್ತಾ ಕೂತರೆ ಮುಗಿಯುವುದಿಲ್ಲ. ಇಬ್ಬರೇ ಒಳ್ಳೆಯ ಆಟಗಾರ್ತಿಯರಿರುವ ಸಣ್ಣ ದೇಶಗಳಿಗೂ ಬಾಗಿಲು ತೆರೆಯಿತು. ಅದಕ್ಕೆ ತೆತ್ತ ಬೆಲೆ ಮೂರನೆಯವಳ, ನಾಲ್ಕನೆಯವಳ ಜಾಗ. 1995ರಲ್ಲಿ ಮೇಲಿನ ಹಂತದಲ್ಲಿ ಮತ್ತೆ ಕ್ರಮ ಬದಲಾಗಿ, ಒಂದು ದೇಶದ ನೆಲದಲ್ಲಿ ಎರಡೇ ತಂಡ, ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್ ಎಂದಾಯಿತು. ಈಗ ಫೈನಲ್ಸ್‌ನಲ್ಲಿ ಮತ್ತೆ ಮೂರೇ. ಈಗ ನೂರಕ್ಕೂ ಹೆಚ್ಚು ದೇಶಗಳು ಆಡುತ್ತವೆ.

ವೈಟ್‌ಮನ್ ಕಪ್ ಅದರ ಪಕ್ಕದಲ್ಲೇ ನಡೆಯುತ್ತಿತ್ತು. 1973ರಲ್ಲಿ ಅದಕ್ಕೆ ಐವತ್ತು ತುಂಬಿದಾಗ ಲಾಂಗ್‌ವುಡ್‌ನಲ್ಲೇ, ಹೇಜಲ್‌ಳ ಮನೆಯ ಪಕ್ಕದಲ್ಲೇ ಪಂದ್ಯ ನಡೆಸಿದರು. ಅದೇ ವರ್ಷ ಬ್ರಿಟನ್ನಿನ ರಾಣಿ ಎರಡನೇ ಎಲಿಜಬೆತ್ ಅವಳಿಗೆ ಗೌರವ ಪದವಿ ಕೊಟ್ಟರು. 1974ರಲ್ಲಿ ಬ್ರಿಟನ್ ಆರು ವರ್ಷಗಳ ನಂತರ ಕಪ್ ಗೆದ್ದಿತು. ಅದೇ ವರ್ಷದ ಡಿಸೆಂಬರ್ 5ರಂದು, 88 ತುಂಬಲು ಎರಡು ವಾರ ಇರುವಾಗ, ಹೇಜಲ್ ತೀರಿಕೊಂಡಳು.

ಕಪ್ ಇನ್ನೂ 15 ವರ್ಷ ನಡೆಯಿತು. ಅಮೆರಿಕದ ಕ್ರಿಸ್ ಎವರ್ಟ್ ಆಡಿದ 26 ಸಿಂಗಲ್ಸ್‌ಗಳಲ್ಲಿ 26ನ್ನೂ ಗೆದ್ದಳು. 1978ರಲ್ಲಿ ಲಂಡನ್ನಿನಲ್ಲಿ ಬ್ರಿಟನ್ 4-3ರಲ್ಲಿ ಗೆದ್ದದ್ದೇ ಕೊನೆ. ಆಮೇಲೆ ಏಳಕ್ಕೆ ಏಳು ಸೋಲುವುದು ರೂಢಿಯಾಗತೊಡಗಿತು. 1989ರಲ್ಲಿ ಕೊನೆಯ ಪಂದ್ಯ, ಅದೂ 7-0. ಒಟ್ಟು 61 ಪಂದ್ಯಗಳಲ್ಲಿ ಅಮೆರಿಕ 51, ಬ್ರಿಟನ್ 10. ಇಷ್ಟು ಏಕಪಕ್ಷೀಯವಾದದ್ದನ್ನು ಯಾರು ನೋಡುತ್ತಾರೆ ಎಂದು 1990ರಲ್ಲಿ ನಿಲ್ಲಿಸಿದರು. ಎಲ್ಲರನ್ನೂ ಆಡಿಸುವ ಏಳರ ಲೆಕ್ಕವೇ, ಆಟಗಾರ್ತಿಯರು ಕಡಿಮೆಯಿದ್ದ ಕಡೆಯವರನ್ನು ಸುಸ್ತು ಮಾಡಿತು. ಯಾವ ಕ್ರಮವೂ ಎಲ್ಲರಿಗೂ ನ್ಯಾಯ ಕೊಡುವುದಿಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಸ್ವಲ್ಪ ಕಷ್ಟವೇ ಆಯಿತು.

ನಮ್ಮ ಅಂಗಳಕ್ಕೆ

ಭಾರತದ ಹೆಂಗಸರು ಈ ಪಂದ್ಯಾವಳಿಗೆ ಬಂದದ್ದು 1991ರಲ್ಲಿ. 2020ರಲ್ಲಿ ದುಬೈನಲ್ಲಿ ಮೊದಲ ಬಾರಿಗೆ ಪ್ಲೇ-ಆಫ್ ಹಂತ ತಲುಪಿದರು. ಆ ತಂಡದಲ್ಲಿ ಹೈದರಾಬಾದಿನ ಸಾನಿಯಾ ಮಿರ್ಜಾ ಇದ್ದಳು, ಮಗ ಹುಟ್ಟಿದ ಮೇಲೆ ಆಟಕ್ಕೆ ಮರಳಿದವಳು. ಆಡಿದ್ದು ಡಬಲ್ಸ್. ನನಗೆ ತಕ್ಷಣ 1915ರ ಹೇಜಲ್ ನೆನಪಾದಳು. ಬಾಲೆವಾಡಿಯಲ್ಲಿ ಆರು ದೇಶಗಳಲ್ಲಿ ಎರಡನೇ ಸ್ಥಾನ ಪಡೆದು ನಮ್ಮವರು ಮತ್ತೆ ಪ್ಲೇ-ಆಫ್‌ಗೆ ಹೋದರು. ಅದು ನವೆಂಬರ್‌ನಲ್ಲಿ ನಡೆದದ್ದು ನಮ್ಮ ಬೆಂಗಳೂರಿನಲ್ಲೇ, ಕಬ್ಬನ್ ಪಾರ್ಕ್ ಮಗ್ಗುಲಿನ ಸ್ಟೇಡಿಯಂನಲ್ಲಿ.

ಕೊನೆಗೆ ಒಂದು ನನ್ನದೇ ವಿಷಯ. ಹೆರಿಗೆ ರಜೆ ಮುಗಿಸಿ ಕೆಲಸಕ್ಕೆ ಮರಳಿದ ವರ್ಷ, ಪ್ರಾಜೆಕ್ಟ್ ಟೀಮಿನ ಪಟ್ಟಿಯಲ್ಲಿ ನನ್ನ ಹೆಸರಿತ್ತು, ಕೆಲಸ ಇರಲಿಲ್ಲ. ಏಳು ತಿಂಗಳು ಹಾಗೆ ಕೂತಿದ್ದೆ. ಯಾರೂ ಕೆಟ್ಟವರಿರಲಿಲ್ಲ. ಇಬ್ಬರಿಂದ ಆಗುವ ಕೆಲಸಕ್ಕೆ ಮೂರನೆಯವಳು ಬೇಕಿರಲಿಲ್ಲ, ಅಷ್ಟೇ. ಬೆಂಚಿನ ಮೇಲಿನ ಆ ಹುಡುಗಿಯರನ್ನು ಮಗಳು ತೋರಿಸಿದಾಗ ನನಗೆ ಉತ್ತರ ಹುಡುಕುವ ಹಟ ಬಂದದ್ದು ಬಹುಶಃ ಅದಕ್ಕೇ.

ನಮ್ಮ ವೇದಿಕೆಯಲ್ಲೂ ವರ್ಷಕ್ಕೊಮ್ಮೆ ಬ್ಯಾಡ್ಮಿಂಟನ್ ತಂಡ ಪಂದ್ಯ ಇರುತ್ತದೆ. ಈವರೆಗೆ ಮೂರು ಆಟದ ಕ್ರಮ. ಚೆನ್ನಾಗಿ ಆಡುವ ಇಬ್ಬರು ಆಡುತ್ತಾರೆ, ಉಳಿದವರು ಚಪ್ಪಾಳೆ ತಟ್ಟಿ ಉಪ್ಪಿಟ್ಟು ತಿಂದು ಮನೆಗೆ ಬರುತ್ತೇವೆ. ಮುಂದಿನ ಸಲ ಏಳು ಆಟ ಇಟ್ಟು ನೋಡೋಣವೇ? ಐದು ಸಿಂಗಲ್ಸ್, ಎರಡು ಡಬಲ್ಸ್. ಸಮಯ ಜಾಸ್ತಿ ಬೇಕಾಗುತ್ತದೆ, ಹಾಲ್ ಬಾಡಿಗೆಯೂ ಜಾಸ್ತಿ. ಲೆಕ್ಕ ಹಾಕಿ ಸಮಿತಿಗೆ ಕೊಡುತ್ತೇನೆ. ಎರಡನೇ ಡಬಲ್ಸ್‌ಗೆ ನನ್ನ ಹೆಸರು ಬರೆದುಕೊಳ್ಳಿ, ಜೊತೆಗಾರ್ತಿ ಬೇಕಾಗಿದ್ದಾಳೆ.